ಸ್ವಿಚ್‌ಗೆ ಯಾವ ಸ್ಪ್ರಿಂಗ್? ನಾನು ತೂಕ ಆರಿಸಿದ ಬಗೆ

ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಪ್ರತಿ ಕೀ ಕೆಳಗೂ ಒಂದು ಸ್ವಿಚ್, ಅದರೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗ್ ಬಿಡಿಯಾಗಿಯೂ ಸಿಗುತ್ತದೆ, ಪ್ಯಾಕೆಟ್ ಮೇಲೆ 62 ಗ್ರಾಂ ಅಂತ ಬರೆದಿರುತ್ತದೆ. ಎಲ್ಲಿ 62? ಕೀ ಒತ್ತಲು ಶುರು ಮಾಡಿದಾಗಲಾ, ಅಕ್ಷರ ಮೂಡುವಾಗಲಾ, ತಳ ಮುಟ್ಟಿದಾಗಲಾ? ಎಷ್ಟೋ ಪ್ಯಾಕೆಟ್‌ಗಳು ಇದನ್ನು ಹೇಳುವುದೇ ಇಲ್ಲ. ಬಿಡಿಯಾಗಿ ಮಾರುವ ಸ್ಪ್ರಿಂಗ್‌ಗಳಲ್ಲಿ ಸಾಮಾನ್ಯವಾಗಿ ಅದು ತಳ ಮುಟ್ಟುವಾಗಿನ ತೂಕ. ಸ್ವಿಚ್ ಕಂಪನಿಗಳ ಲೆಕ್ಕ ಬೇರೆ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್‌ಗೆ 45, ಅದಕ್ಕಿಂತ ಬಿಗಿಯಾದ ಬ್ಲ್ಯಾಕ್‌ಗೆ 60 ಸೆಂಟಿನ್ಯೂಟನ್ ಅನ್ನುತ್ತಾರಲ್ಲ, ಅದು ಕೀ 2 ಮಿಮೀ ಇಳಿದು ಅಕ್ಷರ ದಾಖಲಾಗುವ ಜಾಗದ ಅಂಕಿ. ಒಂದು ಸೆಂಟಿನ್ಯೂಟನ್ ಅಂದರೆ ಹೆಚ್ಚುಕಮ್ಮಿ ಒಂದು ಗ್ರಾಂ ಭಾರ. ಕೀ ಪೂರ್ತಿ ಇಳಿಯುವುದು 4 ಮಿಮೀ. ಹಾಗಾಗಿ 62 ಗ್ರಾಂ ಸ್ಪ್ರಿಂಗ್ ಹಾಕಿ ಬ್ಲ್ಯಾಕ್ ಥರದ ಬಿಗಿ ಬಯಸಿದರೆ ಕೈಗೆ ಸಿಗುವುದು ರೆಡ್‌ಗೆ ಹತ್ತಿರದ ಸ್ವಿಚ್.

ನನ್ನ ಬೋರ್ಡ್‌ನಲ್ಲಿದ್ದದ್ದು ಲೀನಿಯರ್ ಸ್ವಿಚ್‌ಗಳು, ಅಂದರೆ ನಡುವೆ ಯಾವ ಉಬ್ಬೂ ತಾಕದೆ ನೇರವಾಗಿ ಇಳಿಯುವಂಥವು. ತೊಂದರೆ ಏನೆಂದರೆ ಬೆರಳು ಸುಮ್ನೆ ಕೀ ಮೇಲೆ ಇಟ್ಟುಕೊಂಡು ಯೋಚಿಸುತ್ತಾ ಕೂತರೆ ಸಾಕು, ಬೇಡದ ಅಕ್ಷರ ಬಂದು ಕೂರುತ್ತಿತ್ತು. ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಜಾಸ್ತಿ ಗ್ರಾಂನ ಸ್ಪ್ರಿಂಗ್ ಹಾಕು. ಆದರೆ ಸಂಜೆ ಹೊತ್ತಿಗೆ ಕಿರುಬೆರಳು ನೋಯುವುದೂ ಇತ್ತು. ಇನ್ನೂ ಭಾರ ಮಾಡಿದರೆ ಆ ಬೆರಳಿನ ಗತಿ ಏನು?

ಅಲ್ಲಿಂದ ನಾನು ಒಂದು ಅಂಕಿಯ ಬದಲು ಎರಡು ಅಂಕಿ ನೋಡಲು ಶುರು ಮಾಡಿದೆ: ಶುರುವಿನ ಭಾರ, ತಳದ ಭಾರ. ಸ್ವಿಚ್ ಒಳಗೆ ಸ್ಪ್ರಿಂಗ್ ಯಾವಾಗಲೂ ಸ್ವಲ್ಪ ಅದುಮಿಕೊಂಡೇ ಕೂತಿರುತ್ತದೆ. ಕೀ ಅಲುಗಾಡಬೇಕಾದರೆ ಮೊದಲು ಆ ಒತ್ತಡವನ್ನು ಬೆರಳು ಮೀರಬೇಕು. ಅದೇ ಶುರುವಿನ ಭಾರ. ಎರಡು ಸ್ಪ್ರಿಂಗ್ ತಗೊಳ್ಳಿ, ಎರಡರ ಮೇಲೂ 60 ಅಂತ ಇದೆ. ಒಂದು 25 ಗ್ರಾಂನಿಂದ ಶುರುವಾಗುತ್ತದೆ, ಇನ್ನೊಂದು 40ರಿಂದ. ಮೊದಲನೆಯದು 4 ಮಿಮೀಯಲ್ಲಿ 35 ಗ್ರಾಂ ಏರಬೇಕು, ಎರಡನೆಯದು ಬರೀ 20. ಅರ್ಧ ದಾರಿಯಲ್ಲಿ, ಅಂದರೆ ಅಕ್ಷರ ಮೂಡುವ 2 ಮಿಮೀ ಹತ್ತಿರ, ಒಂದು 42.5 ಗ್ರಾಂ, ಇನ್ನೊಂದು 50. ತಳದಲ್ಲಿ ಮಾತ್ರ ಎರಡೂ ಒಂದೇ. ಬೆರಳಿಗೆ ಇವೆರಡೂ ಒಂದೇ ಅನ್ನಿಸಲು ಸಾಧ್ಯವೇ ಇಲ್ಲ, ಅಲ್ವಾ?

ಈ ವ್ಯತ್ಯಾಸ ತರುವುದು ಮುಖ್ಯವಾಗಿ ಸ್ಪ್ರಿಂಗ್‌ನ ಉದ್ದ. ಮಾಮೂಲಿ ಸ್ಪ್ರಿಂಗ್ 14-15 ಮಿಮೀ ಇರುತ್ತದೆ. 18, 20, 22 ಮಿಮೀಯವೂ ಸಿಗುತ್ತವೆ. ಉದ್ದದ ಸ್ಪ್ರಿಂಗ್ ಅದೇ ಗೂಡಿನಲ್ಲಿ ಕೂರಬೇಕಾದರೆ ಹೆಚ್ಚು ಅದುಮಿಕೊಳ್ಳಬೇಕು. ಹಾಗಾಗಿ ತಳದ ಅಂಕಿ ಒಂದೇ ಇದ್ದರೆ ಉದ್ದದ್ದು ಶುರುವಿನಲ್ಲಿ ಬಿಗಿ, ಆಮೇಲೆ ನಿಧಾನವಾಗಿ ಏರುತ್ತದೆ. ನನಗೆ ಬೇಕಿದ್ದದ್ದು ಇದೇ. ಸುಮ್ಮನೆ ಇಟ್ಟ ಬೆರಳಿಗೆ ಕೀ ಬಗ್ಗಬಾರದು, ಒತ್ತಿದ ಬೆರಳಿಗೆ ತಳದಲ್ಲಿ ಹೊರೆಯಾಗಬಾರದು.

ಇಷ್ಟೆಲ್ಲ ಅಂಗಡಿಯವರು ಬರೆದಿರುವುದಿಲ್ಲ, ಹಾಗಾಗಿ ನಾನೇ ಅಳೆದೆ. ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಮಲ್ಟಿಮೀಟರ್. ಸ್ವಿಚ್‌ನ ಎರಡು ಕಾಲಿಗೆ ತೆಳು ವೈರ್ ಸಿಕ್ಕಿಸಿ, ಸ್ವಿಚ್ಚನ್ನು ರಬ್ಬರ್ ತುಂಡಿನಲ್ಲಿ ಚುಚ್ಚಿ ನೆಟ್ಟಗೆ ನಿಲ್ಲಿಸಿದೆ. ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಂಡೆ. ಮೀಟರನ್ನು ಬೀಪ್ ಬರುವ ಸೆಟ್ಟಿಂಗ್‌ಗೆ ತಿರುಗಿಸಿ, ಪೆನ್ನಿನ ಹಿಂಬದಿಯಿಂದ ಸ್ಟೆಮ್ (ಕೀಕ್ಯಾಪ್ ಕೂರುವ, ಮೇಲೆ ಕೆಳಗೆ ಚಲಿಸುವ ಭಾಗ) ಮೇಲೆ ಮೆಲ್ಲಗೆ ಒತ್ತುತ್ತಾ ಹೋದೆ. ಸ್ಟೆಮ್ ಮೊದಲ ಸಲ ಕದಲುವಾಗ ತಕ್ಕಡಿ ತೋರಿಸುವುದು ಶುರುವಿನ ಭಾರ. ಬೀಪ್ ಬಂದ ಕ್ಷಣದ್ದು ಅಕ್ಷರ ಮೂಡುವ ಭಾರ. ಆಮೇಲೆ ಅಂಕಿ ನಿಧಾನವಾಗಿ ಏರುತ್ತಾ ಹೋಗಿ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತಕ್ಕೆ ಸ್ವಲ್ಪ ಮುಂಚಿನದೇ ತಳದ ಭಾರ. ಕೈ ನಡುಗಿದರೆ ಒಂದೆರಡು ಗ್ರಾಂ ಆಚೀಚೆ ಆಗುತ್ತದೆ. ಎರಡು ಸ್ಪ್ರಿಂಗ್ ಹೋಲಿಸಲು ಇಷ್ಟು ಸಾಕು.

ಅಳೆಯುವಾಗ ಇನ್ನೊಂದು ವಿಷಯ ಕಂಡಿತು. ಕೆಲವು ಸ್ವಿಚ್‌ಗಳ ಸ್ಟೆಮ್‌ಗೆ ಉದ್ದನೆಯ ಕಡ್ಡಿ ಇರುತ್ತದೆ, ಲಾಂಗ್ ಪೋಲ್ ಅನ್ನುತ್ತಾರೆ. ಅವು 4 ಮಿಮೀ ಇಳಿಯುವ ಮೊದಲೇ ತಳಕ್ಕೆ ಬಡಿಯುತ್ತವೆ. ಮೇಲಿನ ಲೆಕ್ಕದ 25ರಿಂದ 60ಕ್ಕೆ ಏರುವ ಸ್ಪ್ರಿಂಗ್ 3.4 ಮಿಮೀಗೇ ನಿಂತರೆ ಬೆರಳಿಗೆ ಸಿಗುವುದು ಸುಮಾರು 55 ಗ್ರಾಂ. ಪ್ಯಾಕೆಟ್ ಮೇಲಿನ 60 ಬರುವುದೇ ಇಲ್ಲ.

ಎಷ್ಟೇ ಅಳೆದರೂ ಕೊನೆಗೆ ಟೈಪ್ ಮಾಡಿಯೇ ನೋಡಬೇಕು. ಕೈಯಲ್ಲಿ ಒಂದು ಸ್ವಿಚ್ ಹಿಡಿದು ತೋರುಬೆರಳಿನಿಂದ ಟಕಟಕ ಒತ್ತಿ ತೀರ್ಮಾನಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ತೋರುಬೆರಳಿಗೆ ಎಲ್ಲವೂ ಹಗುರ. ನಾನು ಎಡಗೈಯ ನಡುಸಾಲಿಗೆ ಒಂದು ತೂಕ, ಬಲಗೈಯ ನಡುಸಾಲಿಗೆ ಇನ್ನೊಂದು ತೂಕ ಹಾಕಿಕೊಂಡು ಮಾಮೂಲಿ ಕೆಲಸ ಮಾಡಿದೆ. ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದ ಹಾಟ್‌ಸ್ವಾಪ್ ಬೋರ್ಡ್ ಆದ್ದರಿಂದ ಸುಲಭವಾಯಿತು. ಬೆಸುಗೆ ಹಾಕಿದ ಬೋರ್ಡ್ ಆಗಿದ್ದರೆ ಈ ಆಟವೆಲ್ಲ ಬೆಸುಗೆಗೆ ಮುಂಚೆ ಬೇರೆ ಬೋರ್ಡ್‌ನಲ್ಲಿ ಮುಗಿಸಿಕೊಳ್ಳಬೇಕು.

ಕಡೆಗೆ ನಿಂತದ್ದು ಹೀಗೆ. ಹೆಚ್ಚಿನ ಕೀಗಳಿಗೆ 18 ಮಿಮೀ ಉದ್ದದ 60 ಗ್ರಾಂ. ಕಿರುಬೆರಳು ಒತ್ತುವ ಅಂಚಿನ ಕೀಗಳಿಗೆ ಅದೇ ಉದ್ದದ 55 ಗ್ರಾಂ. ಬೆರಳಿಗೆ ತಕ್ಕ ತೂಕ ಅನ್ನುವುದು ಹೊಸದೇನಲ್ಲ, ರಿಯಲ್‌ಫೋರ್ಸ್ ಕೀಬೋರ್ಡ್‌ಗಳಲ್ಲಿ ಕಿರುಬೆರಳಿಗೆ 30, ಉಳಿದದ್ದಕ್ಕೆ ಬಹುತೇಕ 45 ಗ್ರಾಂ ಇರುವ ಮಾದರಿ ಇದೆ. ಅಷ್ಟು ದೊಡ್ಡ ಅಂತರ ನನಗೆ ಹಿಡಿಸಲಿಲ್ಲ. ಐದು ಗ್ರಾಂ ಅಂತರ ಬೆರಳಿಗೆ ಗೊತ್ತಾಗುವುದಿಲ್ಲ, ಸುಸ್ತು ಮಾತ್ರ ಕಮ್ಮಿ. ಸ್ಪೇಸ್ ಬಾರ್‌ಗೆ 68 ಗ್ರಾಂ. ಅದರ ಕ್ಯಾಪ್ ಭಾರ, ಉದ್ದನೆಯ ಕೀ ಓರೆಯಾಗದಂತೆ ಹಿಡಿಯುವ ಸ್ಟೆಬಿಲೈಸರ್ ತಂತಿಯ ಉಜ್ಜಾಟ ಬೇರೆ. ಹಗುರ ಸ್ಪ್ರಿಂಗ್ ಹಾಕಿದರೆ ಸೋಮಾರಿಯಂತೆ ಮೇಲೇಳುತ್ತದೆ. ಹೆಬ್ಬೆರಳಿಗೆ ಅಷ್ಟು ತೂಕ ಲೆಕ್ಕಕ್ಕಿಲ್ಲ.

ಟ್ಯಾಕ್ಟೈಲ್ ಸ್ವಿಚ್ (ಒತ್ತುವಾಗ ನಡುವೆ ಒಂದು ಉಬ್ಬು ಬೆರಳಿಗೆ ತಾಕುವಂಥದ್ದು) ಇರುವವರು ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಸ್ಟೆಮ್ ವಾಪಸ್ ಬರುವಾಗ ಲೀಫ್ ತಗಡಿನ ಉಬ್ಬನ್ನು ದಾಟಬೇಕು, ದಾಟಿಸುವುದು ಸ್ಪ್ರಿಂಗ್ ಒಂದೇ. ಚೆರ್ರಿಯದೇ ಟ್ಯಾಕ್ಟೈಲ್ ಸ್ವಿಚ್ ಆದ ಎಂಎಕ್ಸ್ ಕ್ಲಿಯರ್‌ನ ಸ್ಟೆಮ್‌ಗೆ ಹಗುರ ಸ್ಪ್ರಿಂಗ್ ಹಾಕಿ ಎರ್ಗೋ ಕ್ಲಿಯರ್ ಮಾಡುವವರು 62-65 ಗ್ರಾಂ ಹತ್ತಿರವೇ ನಿಲ್ಲುವುದು ಇದಕ್ಕೇ. ಇನ್ನೂ ಇಳಿಸುತ್ತಾ ಹೋದರೆ ಉಬ್ಬು ಚೂಪಾಗಿ ಗೊತ್ತಾಗುತ್ತದೆ, ಜೊತೆಗೆ ಕೀ ಕೆಳಗೇ ಸಿಕ್ಕಿಕೊಳ್ಳುವ ಭಯ. ಪರೀಕ್ಷೆ ಸುಲಭ: ಕೀಕ್ಯಾಪ್ ಹಾಕಿ, ತಳದವರೆಗೆ ಒತ್ತಿ, ಬೆರಳನ್ನು ಆದಷ್ಟು ನಿಧಾನವಾಗಿ ಎತ್ತಿ. ಕೀ ಬೆರಳಿಗೆ ಅಂಟಿಕೊಂಡೇ ಬರಬೇಕು. ನಡುವೆ ತಡವರಿಸಿದರೆ ಒಂದು ಹಂತ ಭಾರದ್ದು ಹಾಕಿ.

ಜೋಡಿಸುವ ಮೊದಲು ಸ್ಪ್ರಿಂಗ್‌ಗಳನ್ನೆಲ್ಲ ಜಿಪ್ ಕವರ್‌ಗೆ ಹಾಕಿ, ಕ್ರೈಟಾಕ್ಸ್ 105 ಎಣ್ಣೆ ಕೆಲವೇ ಹನಿ ಬಿಟ್ಟು, ಕವರ್‌ನಲ್ಲಿ ಗಾಳಿ ತುಂಬಿ ಚೆನ್ನಾಗಿ ಕುಲುಕಿದೆ. ಟಿಣ್ ಅನ್ನುವ ಸದ್ದು, ತುದಿ ಉಜ್ಜುವ ಕರಕರ ಎರಡೂ ಕಮ್ಮಿಯಾಗುತ್ತವೆ. ಕುಲುಕುವಾಗ ಉದ್ದದ ಸ್ಪ್ರಿಂಗ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಳೆಯಬೇಡಿ, ತಿರುಗಿಸಿ ಬಿಡಿಸಿ. ಎಳೆದು ಹಿಗ್ಗಿದ ಸ್ಪ್ರಿಂಗ್‌ನ ತೂಕ ಬದಲಾಗಿರುತ್ತದೆ, ಎಸೆಯುವುದೇ ಒಳ್ಳೆಯದು. 55ನ್ನೂ 60ನ್ನೂ ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ, ಆದ್ದರಿಂದ ಒಂದು ತೂಕದ್ದು ಪೂರ್ತಿ ಮುಗಿದು ಉಳಿದವು ಚೀಟಿ ಅಂಟಿಸಿದ ಕವರ್‌ಗೆ ಸೇರಿದ ಮೇಲೆಯೇ ಮುಂದಿನ ಪ್ಯಾಕೆಟ್ ಬಿಚ್ಚಿ.