ಗೂಗಲ್ ಫೋಟೋಸ್‌ಗೆ ದುಡ್ಡು ಕಟ್ಟಬೇಕಾ? ಮೊದಲು ಈ ಲೆಕ್ಕ ಹಾಕಿ

ತೀರ್ಥಹಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. "ಸ್ಟೋರೇಜ್ ಫುಲ್ ಅಂತ ಬರ್ತಾನೇ ಇದೆ ಕಣೋ. ತಿಂಗಳಿಗೆ ನೂರಾ ಮೂವತ್ತು ರೂಪಾಯಿ ಕೇಳ್ತಿದೆ. ಕಟ್ಟದಿದ್ರೆ ಫೋಟೊ ಎಲ್ಲ ಹೋಗುತ್ತಾ?" ದನಿಯಲ್ಲಿ ಗಾಬರಿಯಿತ್ತು. ಮೂರು ವರ್ಷದ ಹಿಂದೆ ತೀರಿಕೊಂಡ ಚಿಕ್ಕಪ್ಪನ ಫೋಟೊಗಳೆಲ್ಲ ಅದರಲ್ಲೇ ಇವೆ.

ತಕ್ಷಣಕ್ಕೆ ಹೋಗಲ್ಲ. ಜಾಗ ತುಂಬಿದರೆ ಹೊಸ ಫೋಟೊ ಗೂಗಲ್‌ಗೆ ಏರುವುದು ನಿಲ್ಲುತ್ತದೆ, ಅಷ್ಟೇ. ಆದರೆ ಅದೇ ಖಾತೆಯ ಜಿಮೇಲ್‌ಗೆ ಹೊಸ ಪತ್ರ ಬರುವುದೂ ನಿಲ್ಲುತ್ತದೆ. ಬ್ಯಾಂಕು, ವಿಮೆಯ ಮೇಲ್ ಅಲ್ಲಿಗೇ ಬರುವವರು ಸುಮ್ನೆ ಕೂರುವ ಹಾಗಿಲ್ಲ.

2015ರಲ್ಲಿ ಶುರುವಾದಾಗ ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಫೋಟೊ ಇಟ್ಟರೂ ಪುಕ್ಕಟೆ. ಗುಣಮಟ್ಟ ಸ್ವಲ್ಪ ತಗ್ಗಿಸಲು ಒಪ್ಪಿದರೆ ಸಾಕಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಈಗ ಫೋಟೊ, ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ 15 ಜಿಬಿ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಬಂತು. ಬಹಳ ಜನರ ಜಾಗ ದಿಢೀರನೆ ತುಂಬಿದ್ದು ಇದರಿಂದಲೇ.

ಮೊದಲು: ಜಾಗ ತಿಂದಿದ್ದು ಯಾರು?

ಗೂಗಲ್ ಖಾತೆಯ ಜಾಗದ ಲೆಕ್ಕ ತೋರಿಸುವ ಗೂಗಲ್ ಒನ್ ಆ್ಯಪ್‌ನಲ್ಲಿ ಸ್ಟೋರೇಜ್ ತೆರೆದರೆ ಯಾವುದಕ್ಕೆ ಎಷ್ಟು ಹೋಗಿದೆ ಅನ್ನುವುದು ಕಾಣುತ್ತದೆ. ಚಿಕ್ಕಮ್ಮನ ಖಾತೆಯಲ್ಲಿ ಫೋಟೊ 7.4 ಜಿಬಿ, ವಾಟ್ಸಾಪ್ 5.8, ಜಿಮೇಲ್ 1.5. ಒಟ್ಟು 14.7. ಬರೀ ಮಾತಾಡಲಿಕ್ಕೆ ಬಳಸುವ ವಾಟ್ಸಾಪ್ ಹತ್ತಿರಹತ್ತಿರ ಆರು ಜಿಬಿ ನುಂಗಿತ್ತು!

ಒಂದೇ ಒಂದು ಗುಡ್ ಮಾರ್ನಿಂಗ್ ಚಿತ್ರ ತಗೊಳ್ಳಿ. ಅದು ಫೋನಿಗೆ ಇಳಿಯುತ್ತದೆ. ವಾಟ್ಸಾಪ್ ಬ್ಯಾಕಪ್‌ಗೆ ಸೇರುತ್ತದೆ. ವಾಟ್ಸಾಪ್ ಫೋಲ್ಡರಿನ ಬ್ಯಾಕಪ್ ಆನ್ ಆಗಿದ್ದರೆ ಗೂಗಲ್ ಫೋಟೋಸ್‌ಗೂ ಹೋಗುತ್ತದೆ. ಗುಲಾಬಿ ಹೂ, ಟೀ ಲೋಟ, ಶುಭೋದಯ. ಇದು ಮೂರು ಕಡೆ ಕೂರುತ್ತದೆ, ಅದರಲ್ಲಿ ಎರಡು ನಿಮ್ಮ 15 ಜಿಬಿಯಲ್ಲಿ.

ಆಮೇಲೆ: ಗುಡಿಸಿ

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರಲ್ಲಿ ಚಾಟ್ ಬ್ಯಾಕಪ್ ತೆರೆಯಿರಿ. ವಿಡಿಯೊ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ, ಒಮ್ಮೆ ಬ್ಯಾಕಪ್ ಒತ್ತಿ. ಚಿಕ್ಕಮ್ಮನ 5.8 ಜಿಬಿ 2.1ಕ್ಕೆ ಇಳಿಯಿತು. ಫೋನ್ ಬದಲಿಸಿದಾಗ ವಾಟ್ಸಾಪ್ ವಿಡಿಯೊಗಳು ವಾಪಸ್ ಬರುವುದಿಲ್ಲ, ಅದು ನೆನಪಿರಲಿ. ಬೇಕಾದ ಒಂದೆರಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಾಟ್ಸಾಪ್ ಫೋಲ್ಡರನ್ನೂ ಆಫ್ ಮಾಡಿ.

ಈಗ ಫೋಟೋಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸ್ಟೋರೇಜ್‌ಗೆ ಹೋಗಿ. ದೊಡ್ಡ ವಿಡಿಯೊ, ಮಬ್ಬು ಫೋಟೊ, ಸ್ಕ್ರೀನ್‌ಶಾಟ್‌ಗಳನ್ನು ಅದೇ ಬೇರೆಬೇರೆ ಗುಂಪು ಮಾಡಿ ತೋರಿಸುತ್ತದೆ. ವಿಡಿಯೊದಿಂದ ಶುರುಮಾಡಿ. ಒಂದು ಫೋಟೊ ಮೂರ್ನಾಲ್ಕು ಎಂಬಿ ಇದ್ದರೆ, ಒಂದು ನಿಮಿಷದ ವಿಡಿಯೊ 100 ಎಂಬಿ ದಾಟುವುದುಂಟು.

ಇಲ್ಲಿ ಕೈ ತಪ್ಪಿದರೆ ಕಷ್ಟ. ಬ್ಯಾಕಪ್ ಆದ ಫೋಟೊವನ್ನು ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. "ಗೂಗಲ್‌ನಲ್ಲಿ ಮಾತ್ರ ತೆಗೀತೀನಿ" ಅಂದುಕೊಂಡು ಅಳಿಸಬೇಡಿ. 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು.

ಇನ್ನೊಂದು ಮಾತು. 2021ರ ಜೂನ್‌ಗೆ ಮುಂಚೆ ಗುಣಮಟ್ಟ ತಗ್ಗಿಸಿ ಏರಿಸಿದ ಫೋಟೊಗಳು ಈ 15 ಜಿಬಿ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಅಳಿಸಿದರೆ ಒಂದು ಎಂಬಿ ಜಾಗವೂ ಖಾಲಿಯಾಗಲ್ಲ. ಚಿಕ್ಕಪ್ಪನ ಹಳೇ ಫೋಟೊಗಳಲ್ಲಿ ಹೆಚ್ಚಿನವು ಅಂಥವೇ. ಅವನ್ನು ಮುಟ್ಟಲೇಬೇಡಿ ಅಂದೆ.

ಈಗ ಲೆಕ್ಕ

ಎಲ್ಲ ಗುಡಿಸಿದ ಮೇಲೆ ಚಿಕ್ಕಮ್ಮನ ಬಳಕೆ 8.6 ಜಿಬಿಗೆ ಬಂತು. ಉಳಿದ ಜಾಗ 6.4. ಅವರು ತಿಂಗಳಿಗೆ ಸೇರಿಸುವುದು ಹೆಚ್ಚೆಂದರೆ 200 ಎಂಬಿ. ಅಂದರೆ ಎರಡೂವರೆ ವರ್ಷ ದುಡ್ಡಿನ ಮಾತೇ ಇಲ್ಲ.

ನಿಮ್ಮದನ್ನೂ ಹೀಗೇ ನೋಡಿ. ಇವತ್ತಿನ ಅಂಕಿ ಬರೆದಿಡಿ, ತಿಂಗಳು ಬಿಟ್ಟು ಮತ್ತೆ ನೋಡಿ, ಎಷ್ಟು ಏರಿದೆ ಅನ್ನುವುದು ಗೊತ್ತಾಗುತ್ತದೆ. ಉಳಿದ ಜಾಗ ಒಂದು ವರ್ಷಕ್ಕೂ ಸಾಲದಿದ್ದರೆ ಕಟ್ಟುವುದೇ ಸರಿ. ನಾನು ಕಟ್ಟುತ್ತೇನೆ. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು, ತಿಂಗಳಿಗೆ ಎರಡು ಜಿಬಿ ಸಲೀಸಾಗಿ ಏರುತ್ತದೆ. ಮಗು ಮೊದಲ ಹೆಜ್ಜೆ ಇಡುವಾಗ ಯಾವ ವಿಡಿಯೊ ಅಳಿಸಲಿ ಅಂತ ಹುಡುಕುತ್ತಾ ಕೂರುವುದು ನನಗೆ ಬೇಡ.

100 ಜಿಬಿಗೆ ನಾನು ವರ್ಷಕ್ಕೆ ಕಟ್ಟಿದ್ದು 1,300 ರೂಪಾಯಿ. ತಿಂಗಳು ತಿಂಗಳು 130 ಕಟ್ಟಿದ್ದರೆ 1,560 ಆಗುತ್ತಿತ್ತು. ದರ ಬದಲಾಗುತ್ತಿರುತ್ತದೆ, ನಿಮ್ಮ ಫೋನಿನಲ್ಲಿ ತೋರಿಸುವುದನ್ನೇ ನಂಬಿ. ಕುಟುಂಬದ ಇನ್ನೂ ಐದು ಜನರ ಜೊತೆ ಈ ಜಾಗ ಹಂಚಿಕೊಳ್ಳಬಹುದು. ಆರು ಜನ ಸೇರಿದರೆ ತಲೆಗೆ ವರ್ಷಕ್ಕೆ ಸುಮಾರು 217 ರೂಪಾಯಿ. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಣ್ಣತಮ್ಮಂದಿರು ಬೇರೆಬೇರೆ ಕಟ್ಟುತ್ತಿದ್ದರೆ ಇವತ್ತೇ ಮಾತಾಡಿಕೊಳ್ಳಿ.

ಕಟ್ಟುವ ಮುಂಚೆ ಒಂದನ್ನು ಯೋಚಿಸಬೇಕು. 15 ಜಿಬಿ ದಾಟಿದ ಮೇಲೆ ಕಟ್ಟುವುದನ್ನು ನಿಲ್ಲಿಸಿದರೆ ಮತ್ತೆ ಅದೇ ಕತೆ, ಮೇಲ್ ನಿಲ್ಲುತ್ತದೆ. ಹಾಗೇ ಎರಡು ವರ್ಷ ಬಿಟ್ಟರೆ ಗೂಗಲ್ ಅಲ್ಲಿರುವುದನ್ನು ಅಳಿಸಲೂಬಹುದು. ಬಾಡಿಗೆ ಮನೆ ಇದ್ದ ಹಾಗೆ, ಅಲ್ವಾ? ಅದಕ್ಕೇ ಕಟ್ಟಿದರೂ ಕಟ್ಟದಿದ್ದರೂ ಮನೆಯಲ್ಲೊಂದು ಪ್ರತಿ ಇರಲೇಬೇಕು.

ಕೊನೆಗೆ: ಮನೆಯ ಪ್ರತಿ

ಕಂಪ್ಯೂಟರಿನಲ್ಲಿ ಗೂಗಲ್ ಟೇಕ್‌ಔಟ್ ತೆರೆಯಿರಿ, ಗೂಗಲ್‌ನಲ್ಲಿರುವ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ತಾಣ ಅದು. ಎಲ್ಲ ಟಿಕ್ ತೆಗೆದು ಫೋಟೋಸ್ ಒಂದಕ್ಕೇ ಹಾಕಿ. ಸಿದ್ಧವಾದ ಮೇಲೆ ಮೇಲ್‌ನಲ್ಲಿ ಲಿಂಕ್ ಬರುತ್ತದೆ. ಅದು ಒಂದು ವಾರ ಮಾತ್ರ ಇರುತ್ತದೆ, ತಡಮಾಡದೆ ಇಳಿಸಿಕೊಳ್ಳಿ. ಫೋಟೊಗಳನ್ನು ಒಟ್ಟಿಗೆ ಕಟ್ಟಿಟ್ಟ ಜಿಪ್ ಫೈಲ್ ಬಿಚ್ಚಿ ಹಾರ್ಡ್ ಡಿಸ್ಕಿಗೆ ಹಾಕಿ. ಪೆನ್‌ಡ್ರೈವ್ ಆದರೆ ಎರಡರಲ್ಲಿ ಇಡಿ, ಒಂದು ಕೈಕೊಟ್ಟರೂ ಇನ್ನೊಂದಿರುತ್ತದೆ.

ಹಾಕಿದ ಮೇಲೆ ತೆರೆದು ನೋಡಿ. ನಾನು ಊರಿಗೆ ಹೋದಾಗ ಎರಡು ಪೆನ್‌ಡ್ರೈವ್ ಒಯ್ದಿದ್ದೆ. ಚಿಕ್ಕಮ್ಮ ಎರಡನ್ನೂ ಲ್ಯಾಪ್‌ಟಾಪಿಗೆ ಹಾಕಿಸಿದರು. ಅಡಿಕೆ ಅಂಗಳದಲ್ಲಿ ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತ ಫೋಟೊ ಎರಡರಲ್ಲೂ ಸಿಕ್ಕಿತು. ಒಂದು ಅವರ ಬೀರುವಿಗೆ ಹೋಯಿತು, ಇನ್ನೊಂದು ನನ್ನ ಹತ್ತಿರ ಇದೆ.