ಕ್ರಯ ತಡವಾಯಿತು, ತೆರಿಗೆ ಕಾಯಲಿಲ್ಲ

ಮೈಸೂರಿನ ರಾಮಕೃಷ್ಣನಗರದಲ್ಲಿ 20×30ರ ಹಳೆಯ ಮನೆಯೊಂದಕ್ಕೆ 60 ಲಕ್ಷ ರೂಪಾಯಿಗೆ ಮಾತಾಗಿ, 2025ರ ಫೆಬ್ರವರಿ 10ರಂದು ಕರಾರು ಮಾಡಿಕೊಂಡೆವು. ಮುಂಗಡ 10 ಲಕ್ಷ, ಮೂರು ತಿಂಗಳೊಳಗೆ ಕ್ರಯ. ಆದರೆ ಇ-ಖಾತೆಯಲ್ಲಿ, ಅಂದರೆ ಆಸ್ತಿಯ ಗಣಕೀಕೃತ ದಾಖಲೆಯಲ್ಲಿ, ನಿವೇಶನದ ಅಳತೆ ತಪ್ಪಾಗಿ ನಮೂದಾಗಿತ್ತು. ಅದು ತಿದ್ದುಪಡಿಯಾಗಿ ಕೈಗೆ ಬರುವಷ್ಟರಲ್ಲಿ ಸೆಪ್ಟೆಂಬರ್.

ಕರಾರಿನ ದಿನವೇ ಒಂದು ಗಂಡಾಂತರ ತಪ್ಪಿತ್ತು. ಮಾರುವವರು ನಿವೃತ್ತ ಮೇಷ್ಟ್ರು, ದೊಡ್ಡ ಮನಸ್ಸಿನವರು. "ಮನೆ ಖಾಲಿಯೇ ಇದೆ, ಬೀಗದ ಕೈ ಈಗಲೇ ಇಟ್ಟುಕೊಳ್ಳಿ, ಸ್ವಾಧೀನ ಕೊಟ್ಟಿದ್ದೇನೆಂದೇ ಬರೆಸೋಣ" ಎಂದು ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟರು. ಪತ್ರ ಬರಹಗಾರರು ಅದನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದರು. "ಬೇಡಿ ಮೇಷ್ಟ್ರೇ, ಆ ಒಂದು ಸಾಲು ಸೇರಿದರೆ ಈ ಕರಾರಿಗೇ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ." ಹಾಗೆ ಕಟ್ಟಿದ ಹಣ ಮುಂದೆ ಕ್ರಯಪತ್ರದ ಶುಲ್ಕಕ್ಕೆ ಹೊಂದಾಣಿಕೆಯಾಗುತ್ತದೆ, ನಿಜ. ಆದರೂ ಖಾತೆಯೇ ನೆಟ್ಟಗಿಲ್ಲದ ಮನೆಗೆ ಮೂರು ಲಕ್ಷ ಮೊದಲೇ ಕಟ್ಟಿ ಕೂರುವ ಶಕ್ತಿ ನನಗಿರಲಿಲ್ಲ. ಆ ಪತ್ರ ಬರಹಗಾರರಿಗೆ ನಾನು ಇಂದಿಗೂ ಋಣಿ.

ಎಡವಿದ್ದು ಟಿಡಿಎಸ್‌ನಲ್ಲಿ, ಅಂದರೆ ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿದುಕೊಳ್ಳುವ ತೆರಿಗೆಯಲ್ಲಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಕೊಳ್ಳುವವರು ಶೇಕಡಾ 1ರಷ್ಟು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕೆಂಬುದು ಗೊತ್ತಿತ್ತು. ಅದು ನೋಂದಣಿಯ ದಿನದ ಕೆಲಸವೆಂದು ತಿಳಿದಿದ್ದೆ. ಅಲ್ಲ! ಮುಂಗಡ ಕೊಟ್ಟ ದಿನವೇ ಹಿಡಿಯಬೇಕು. ಆ ತಿಂಗಳು ಮುಗಿದ 30 ದಿನದೊಳಗೆ, ಆಗ ಜಾರಿಯಲ್ಲಿದ್ದ ನಮೂನೆ 26ಕ್ಯೂಬಿಯಲ್ಲಿ ಕಟ್ಟಬೇಕಿತ್ತು. 10 ಲಕ್ಷಕ್ಕೆ 10 ಸಾವಿರ, ಗಡುವು ಮಾರ್ಚ್ 30. ಆಡಿಟರ್ ಇದನ್ನು ಹೇಳಿದ್ದು ಸೆಪ್ಟೆಂಬರ್ 18ರಂದು. ಹಿಡಿಯದೆ ಬಿಟ್ಟದ್ದಕ್ಕೆ ತಿಂಗಳಿಗೆ ಶೇಕಡಾ 1ರಂತೆ ಎಂಟು ತಿಂಗಳ ಬಡ್ಡಿ 800 ರೂಪಾಯಿ. ನೋಯಿಸಿದ್ದು ವಿಳಂಬ ಶುಲ್ಕ. ದಿನಕ್ಕೆ 200 ರೂಪಾಯಿ, ಆದರೆ ತೆರಿಗೆಯ ಮೊತ್ತವನ್ನು ಮೀರುವಂತಿಲ್ಲ. ಐವತ್ತೇ ದಿನಕ್ಕೆ ಆ ಮಿತಿ ಮುಟ್ಟಿತ್ತು, ಹೀಗಾಗಿ ಇನ್ನೂ 10 ಸಾವಿರ. ತೆರಿಗೆಯ 10 ಸಾವಿರವನ್ನು ಬಾಕಿ ಹಣದಲ್ಲಿ ಮುರಿದುಕೊಳ್ಳಲು ಮೇಷ್ಟ್ರು ಒಪ್ಪಿದರು. ಉಳಿದದ್ದು ನನ್ನ ಕೈಯಿಂದಲೇ ಹೋಯಿತು.

ಮುದ್ರಾಂಕ ಶುಲ್ಕದ ಲೆಕ್ಕ ಬೇರೆ. ಅದನ್ನು ಕ್ರಯಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ಕಟ್ಟಬೇಕು. ನೋಂದಣಿ ಶುಲ್ಕವನ್ನು ಪತ್ರ ಹಾಜರುಪಡಿಸುವಾಗ ಕೊಡಬೇಕು. ಕರಾರು ಎಂದಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಶೇಕಡಾ 5ರ ಮುದ್ರಾಂಕ 3 ಲಕ್ಷ, ಅದರ ಮೇಲಿನ ಸೆಸ್ 30 ಸಾವಿರ, ಅಧಿಭಾರ 6 ಸಾವಿರ. ಇವು ಬದಲಾಗಲಿಲ್ಲ. ನೋಂದಣಿ ಶುಲ್ಕ ಮಾತ್ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು. 60 ಸಾವಿರ ಇದ್ದದ್ದು 1 ಲಕ್ಷ 20 ಸಾವಿರ! ಖಾತೆ ಒಂದೆರಡು ವಾರ ಮೊದಲು ಬಂದಿದ್ದರೆ ಎಂಬ ಸಂಕಟ ಇನ್ನೂ ಹೋಗಿಲ್ಲ.

ಈ ಹೆಚ್ಚುವರಿ ಯಾರದ್ದು? ನಮ್ಮ ಕರಾರಿನಲ್ಲಿ "ನೋಂದಣಿ ಖರ್ಚು ಖರೀದಿದಾರರದ್ದು" ಎಂದಷ್ಟೇ ಇತ್ತು. ಮಾರುವವರ ದಾಖಲೆಯಿಂದ ತಡವಾಗಿ ದರ ಏರಿದರೆ ಹೆಚ್ಚುವರಿ ಅವರದ್ದು ಎಂಬ ಒಂದು ವಾಕ್ಯವನ್ನು ನಾನು ಅಂದೇ ಬರೆಸಬೇಕಿತ್ತು. ನೀವು ಬರೆಸಿಕೊಳ್ಳಿ, ಸಂಕೋಚಪಡಬೇಡಿ. ನನ್ನ ಪುಣ್ಯ, ಮೇಷ್ಟ್ರು ತಾವಾಗಿಯೇ ಅರ್ಧ ಹಾಕಿಕೊಂಡರು.

ಪಿತೃಪಕ್ಷ ಕಳೆಯಲೆಂದು ಮನೆಯವರು ಹೇಳಿದ್ದರಿಂದ ನವರಾತ್ರಿಯಲ್ಲಿ, ಸೆಪ್ಟೆಂಬರ್ 25ರಂದು ಕ್ರಯವಾಯಿತು. ಉಳಿದ 50 ಲಕ್ಷದ ಮೇಲಿನ 50 ಸಾವಿರ ಟಿಡಿಎಸ್ ಕಟ್ಟಲು ಅಕ್ಟೋಬರ್ 30ರವರೆಗೆ ಸಮಯವಿತ್ತು. ಆದರೂ ಕ್ರಯದ ದಿನ ಸಂಜೆಯೇ ಕಟ್ಟಿದೆ. ತೆರಿಗೆ ಹಿಡಿದು ಕಟ್ಟಿದ್ದಕ್ಕೆ ಪ್ರಮಾಣಪತ್ರವಾದ ನಮೂನೆ 16ಬಿ ಕೈಗೆ ಬಂದ ಮೇಲೆ ಮೇಷ್ಟ್ರ ಮನೆಗೆ ಹೋಗಿ ಕೊಟ್ಟಾಗ, ಅವರು ಕನ್ನಡಕ ಹಾಕಿಕೊಂಡು ಪ್ಯಾನ್ ಸಂಖ್ಯೆಯನ್ನು ಒಂದೊಂದೇ ಅಕ್ಷರ ಓದಿ ತಾಳೆ ನೋಡಿದರು.