ಕೊಡಗಿನಿಂದ ವಿಮಾನ ಹತ್ತುವವರಿಗೆ ನಾನು ಹಾಕಿಕೊಡುವ ಲೆಕ್ಕ

ಗೋಣಿಕೊಪ್ಪದಲ್ಲಿ ಟಿಕೆಟ್ ಬುಕಿಂಗ್ ನನ್ನ ಕಸುಬು. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ‘ದರ ಎಷ್ಟು’ ಎಂಬುದಕ್ಕಿಂತ ಮೊದಲು ‘ಎಲ್ಲಿಂದ ಹತ್ತುವುದು, ಎಷ್ಟು ಹೊತ್ತು ಬೇಕು’ ಎಂದೇ ಜನ ಕೇಳುತ್ತಾರೆ. ಅದಕ್ಕಾಗಿ ದೂರ ಮತ್ತು ಸಮಯದ ಲೆಕ್ಕವನ್ನು ಕೈಯಾರೆ ಹಾಕುವುದನ್ನು ರೂಢಿಸಿಕೊಂಡಿದ್ದೇನೆ.

ಬೆಂಗಳೂರು–ಮಂಗಳೂರು ಲೆಕ್ಕ ಸುಲಭ. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿವೆ. ರೇಖಾಂಶ ಒಂದರದು 77.7, ಇನ್ನೊಂದರದು 74.9, ವ್ಯತ್ಯಾಸ 2.8. ಈ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108 ಕಿ.ಮೀ. ಗುಣಿಸಿದರೆ ನೇರ ದೂರ 300 ಕಿ.ಮೀ. ಆಸುಪಾಸು. ಗಂಟೆಗೆ 800 ಕಿ.ಮೀ. ವೇಗವೆಂದರೆ 22–23 ನಿಮಿಷ ಸಾಕು. ಟಿಕೆಟ್ಟಿನಲ್ಲಿ ಮಾತ್ರ ಸುಮಾರು ಒಂದು ಗಂಟೆ ಇರುತ್ತದೆ. ಅಲ್ಲಿ ಬರೆದಿರುವುದು ಹಾರಾಟದ ಸಮಯವಷ್ಟೇ ಅಲ್ಲ. ಈ ನಿಲ್ದಾಣದಲ್ಲಿ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಹತ್ತಿರದ ಊರಿಗಾದರೆ ಪೂರ್ಣ ವೇಗದಲ್ಲಿ ಹಾರಲು ಸಿಗುವ ಅವಕಾಶವೇ ಅಲ್ಪ. ಆದ್ದರಿಂದ ನೇರ ದೂರವನ್ನು 800ರಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸುತ್ತೇನೆ.

ದುಬೈಯಂಥ ದೂರದ ಊರಿಗೆ ಭೂಮಿ ದುಂಡಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಮಂಗಳೂರಿನಿಂದ ಸುಮಾರು 2,460 ಕಿ.ಮೀ. ಬರುತ್ತದೆ. ಅಂದರೆ ಮೂರೂವರೆ ಗಂಟೆಯ ಪ್ರಯಾಣ. ‘ಹೋಗಲು ಎರಡೇ ಗಂಟೆ, ಬರಲು ಐದು ಗಂಟೆ, ಇದು ಹೇಗಣ್ಣಾ?’ ಎಂದು ಟಿಕೆಟ್ ಹಿಡಿದು ಕೇಳುವವರಿದ್ದಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ, ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಬರುವ ಪ್ರಯಾಣ ತುಸು ಬೇಗ ಮುಗಿಯುವುದೂ ನಿಜ.

ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆದ ಮೇಲೆ ದಕ್ಷಿಣ ಕೊಡಗಿನವರ ಲೆಕ್ಕವೇ ಬದಲಾಯಿತು. ಅಲ್ಲಿಂದ ದುಬೈಗೆ ಸುಮಾರು 2,590 ಕಿ.ಮೀ., ಮಂಗಳೂರಿಗಿಂತ 130 ಕಿ.ಮೀ. ಹೆಚ್ಚು. ಆಕಾಶದಲ್ಲಿ ಅದು ಹತ್ತೇ ನಿಮಿಷದ ಮಾತು. ರಸ್ತೆಯ ಮಾತೇ ಬೇರೆ. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ಕಣ್ಣೂರು ನಿಲ್ದಾಣಕ್ಕೆ ಸುಮಾರು 60 ಕಿ.ಮೀ.; ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರು ನಿಲ್ದಾಣಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು. ವಯಸ್ಸಾದ ತಂದೆ ತಾಯಿಯನ್ನು ಕಳುಹಿಸುವವರಿಗೆ ದರ ಕೊಂಚ ಜಾಸ್ತಿಯಾದರೂ ಕಣ್ಣೂರನ್ನೇ ಹೇಳುತ್ತೇನೆ.

ಮಳೆಗಾಲಕ್ಕೆ ಈ ಮಾತು ಅನ್ವಯಿಸದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆಗಿತ್ತು. ಮಾಕುಟ್ಟದ ಘಾಟಿಯನ್ನೂ ಆ ತಿಂಗಳುಗಳಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಾದಿಯಲ್ಲಿ ದಿನವೂ ಓಡಾಡುವ ಚಾಲಕರಿಗೆ ಮೊದಲು ಫೋನ್ ಮಾಡುತ್ತೇನೆ, ಆಮೇಲೆ ಸೀಟು ನೋಡುತ್ತೇನೆ. ಬೆಳಗಿನ ವಿಮಾನವಾದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಕೆಳಗೆ ತಂಗಲು ಹೇಳುತ್ತೇನೆ.